ನೀವು ಮೀನು ತನ್ನಿ, ಅವರು ಬೇಯಿಸಿ ಕೊಡುತ್ತಾರೆ: ಚಿಂಗ್ಡಾವ್‌ನ ನಮ್ಮ ಕೆಳಗಿನಂಗಡಿ

ಕಾರವಾರದಲ್ಲಿ ಈಗ ತಾಜಾ ಮೀನಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ, ಬೈತಖೋಲದಲ್ಲಿ ಎಲ್ಲವನ್ನೂ ಸಾಲಾಗಿ ಕಟ್ಟಿಹಾಕಿದ್ದಾರೆ. ಆಯಿ, ಅಂದರೆ ನನ್ನ ಅಮ್ಮ, ದಿನಾ ಒಣಮೀನು ಸುಟ್ಟು ಗಂಜಿಯ ಪಕ್ಕ ಇಡುತ್ತಾಳೆ. ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತವಳು ಅವಳು. ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬರುವ ಐಸಿನ ಮೀನನ್ನು ಹೊಸಿಲು ದಾಟಲು ಬಿಡುವುದಿಲ್ಲ.

ಮೊನ್ನೆ ಶಿರಸಿಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದ್ದಳು. ಅವಳಿಗೂ ನನ್ನ ಹಾಗೆ ಚೀನಾದ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿದೆಯಂತೆ. "ಸರ್, ಕಾಗದಪತ್ರದ ವಿಷ್ಯ ಹೇಳಿ, ಮತ್ತೆ ಅಲ್ಲಿ ಊಟಕ್ಕೆ ಎಂತ ಮಾಡ್ತ್ರಿ?" ಕಾಗದದ ಕಥೆ ಹತ್ತು ನಿಮಿಷಕ್ಕೆ ಮುಗಿಯಿತು. ಊಟದ ವಿಷಯ ಶುರು ಮಾಡಿದವನು ಒಂದು ಅಂಗಡಿಯ ಸುತ್ತಲೇ ಒಂದು ತಾಸು ತಿರುಗಿದೆ. ಅವಳು ಅಪ್ಪಟ ಸಸ್ಯಾಹಾರಿ ಎಂಬುದು ಕೊನೆಗೆ ನೆನಪಾಯಿತು. ಪಾಪ, ಸಹಿಸಿಕೊಂಡಳು. ಆ ತಾಸನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಕಾಗದ, ಬೇಗ ಮುಗಿಸುತ್ತೇನೆ. ಇಂಗ್ಲಿಷ್ ಭಾಷೆ ಕಲಿಸುವ ಕೆಲಸಕ್ಕೆ ಅವರು ಸಾಮಾನ್ಯವಾಗಿ ಇಂಗ್ಲಿಷೇ ಮನೆಮಾತಾಗಿರುವ ದೇಶದವರನ್ನು ಕೇಳುತ್ತಾರೆ. ನಮ್ಮಂಥವರಿಗೆ ದಾರಿ ಇರುವುದು ಗಣಿತ, ವಿಜ್ಞಾನದ ಬಾಗಿಲಿನಿಂದ. ನಾನು ಭೌತಶಾಸ್ತ್ರ. ಧಾರವಾಡದ ಡಿಗ್ರಿ ಸರ್ಟಿಫಿಕೇಟು, ಅನುಭವದ ಪತ್ರ, ಹುಬ್ಬಳ್ಳಿಯಲ್ಲಿ ಮಾಡಿಸಿದ ಪೊಲೀಸ್ ಕ್ಲಿಯರೆನ್ಸ್. ವೀಸಾಕ್ಕೆ ನಾನು ಹೋದದ್ದು ಮುಂಬೈಗೆ. ಮತ್ಸ್ಯಗಂಧ ಹತ್ತಿದರೆ ಬೆಳಿಗ್ಗೆ ಕುರ್ಲಾ. ಕೆಲಸದ್ದು ಝಡ್ ವೀಸಾ. ಅದರ ಮೇಲೆ ಒಳಗೆ ಹೋದಮೇಲೆ ಮೂವತ್ತು ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ, ಆಮೇಲೆ ನೋಡಿಕೊಳ್ಳೋಣ ಎನ್ನುವ ಏಜೆಂಟು ಸಿಕ್ಕರೆ ಫೋನು ಇಟ್ಟುಬಿಡಿ. ನನಗೂ ಒಬ್ಬ ಸಿಕ್ಕಿದ್ದ.

ಇನ್ನು ಅಂಗಡಿ.

ಚಿಂಗ್ಡಾವ್ ಹಳದಿ ಸಮುದ್ರದ ದಂಡೆಯ ಊರು. ಒಂದು ಕಾಲಕ್ಕೆ ಜರ್ಮನ್ನರ ಕೈಲಿತ್ತು, ಆ ಕಾಲದ ಕೆಂಪು ಹೆಂಚಿನ ಮನೆಗಳು ಈಗಲೂ ಗುಡ್ಡದ ಇಳಿಜಾರಿನಲ್ಲಿವೆ. ಲೋಕಪ್ರಸಿದ್ಧ ಬಿಯರ್ ಕಾರ್ಖಾನೆ 1903ರಲ್ಲಿ ಶುರುವಾದದ್ದೂ ಆಗಲೇ. ನಾನು ಬಾಡಿಗೆಗಿರುವುದು ಹಳೆಯ ಆರು ಮಹಡಿಯ ಕಟ್ಟಡದ ಐದನೆಯದರಲ್ಲಿ, ಲಿಫ್ಟಿಲ್ಲ. ನೆಲಮಹಡಿಯಲ್ಲಿ ಈ ಅಂಗಡಿ. ಬೋರ್ಡಿನಲ್ಲಿ ಏನು ಬರೆದಿದೆ ಎಂದು ಮೊದಲ ನಾಲ್ಕು ತಿಂಗಳು ನನಗೆ ಗೊತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗರಿಗೆ ಫೋಟೋ ತೋರಿಸಿದೆ, ನಕ್ಕರು. ಬರೆದಿದ್ದದ್ದು ಬರೀ 'ಬಿಯರ್ ಮನೆ, ಸಮುದ್ರದ ಪದಾರ್ಥ ಮಾಡಿಕೊಡಲಾಗುವುದು' ಅಂತ. ಹೆಸರೇ ಇಲ್ಲ. ನಾನು ಕೆಳಗಿನಂಗಡಿ ಎಂದೇ ಕರೆಯುತ್ತೇನೆ.

ಈ 'ಮಾಡಿಕೊಡಲಾಗುವುದು' ಇದೆಯಲ್ಲ, ಅಲ್ಲಿಯವರ ಬಾಯಲ್ಲಿ ಜ್ಯಾಗೋಂಗ್, ಅದೇ ಇಲ್ಲಿಯ ಸಂಗತಿ. ಅಂಗಡಿಯಲ್ಲಿ ಮೀನಿನ ಮೆನು ಇಲ್ಲ. ಎರಡು ಓಣಿ ಆಚೆ ಸಂತೆಯಿದೆ. ನಿಮಗೆ ಬೇಕಾದ ಮೀನು, ಸಿಗಡಿ, ಚಿಪ್ಪು ನೀವೇ ಆರಿಸಿ, ಚೌಕಾಸಿ ಮಾಡಿ, ಚೀಲದಲ್ಲಿ ತರಬೇಕು. ಅಡುಗೆಗೆ ತಟ್ಟೆಯ ಲೆಕ್ಕದಲ್ಲಿ ದುಡ್ಡು. ನಾನು ಕೊಡುತ್ತಿದ್ದದ್ದು ಚಿಪ್ಪಿಗೆ 8 ಯುವಾನ್, ಇಡೀ ಮೀನಿಗೆ 15. ಆಗ ಒಂದು ಯುವಾನ್ ಅಂದರೆ ಹತ್ತಿರಹತ್ತಿರ ಹನ್ನೆರಡು ರೂಪಾಯಿ. ನಮ್ಮ ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಡುವವರಿದ್ದಾರೆ. ಬೇಯಿಸಿ ತಟ್ಟೆಗೆ ಹಾಕಿ ಕೊಡುವವರನ್ನು ನಾನು ಕಾರವಾರದಲ್ಲಿ ಕಂಡಿಲ್ಲ. ಯಾರಾದರೂ ಶುರು ಮಾಡಿದರೆ ಮೊದಲ ಗಿರಾಕಿ ನಾನು. ಆಯಿ ಎರಡನೆಯವಳಾಗುವುದಿಲ್ಲ, ಅದು ಬೇರೆ ಮಾತು.

ಸಂತೆಯಲ್ಲಿ ಒಂದು ಹೊಂಡವಿದೆ, ನಾನು ಬಿದ್ದೆ. ಬೆಲೆ ಬರೆದಿರುವುದು ಕಿಲೋಗಲ್ಲ, ಜಿನ್‌ಗೆ. ಒಂದು ಜಿನ್ ಅಂದರೆ ಅರ್ಧ ಕಿಲೋ. ಮೊದಲ ದಿನ ಹತ್ತು ಯುವಾನಿಗೆ ಒಂದು ಕಿಲೋ ಚಿಪ್ಪು ಬರುತ್ತದೆಂದು ಲೆಕ್ಕ ಹಾಕಿ ಬೆರಳಲ್ಲಿ ಎರಡು ತೋರಿಸಿದೆ. ಚೀಲ ಕೈಗೆ ಬಂದಾಗ ಮೀನುಗಾರ್ತಿಯ ಮಗನಿಗೆ ತೂಕದಲ್ಲಿ ಮೋಸವಾಯಿತೆಂದು ಮೈ ಉರಿಯಿತು. ಮೋಸವಿರಲಿಲ್ಲ. ಅವಳು ಎರಡು ಜಿನ್ ಸರಿಯಾಗಿಯೇ ತೂಗಿದ್ದಳು, ಮೇಲೊಂದು ಹಿಡಿ ಹಾಕಿಯೂ ಇದ್ದಳು.

ಆ ಚಿಪ್ಪಿನ ಹೆಸರು ಗಾಲಾ. ಬೀಜಿಂಗಿನ ಪುಸ್ತಕದ ಭಾಷೆಯಲ್ಲಿ ಗಲಿ ಅನ್ನಬೇಕಂತೆ, ಚಿಂಗ್ಡಾವ್‌ನಲ್ಲಿ ಹಾಗಂದರೆ ಹೊರಗಿನವ ಎಂದು ಗೊತ್ತಾಗಿಬಿಡುತ್ತದೆ. ನನ್ನನ್ನು ನೋಡಿದರೆ ಅಷ್ಟೂ ಬೇಕಾಗುವುದಿಲ್ಲ, ಆದರೂ ಗಾಲಾ ಅಂದ ದಿನ ಮಾರುವವಳು ತಿರುಗಿ ಪಕ್ಕದವಳಿಗೆ ಹೇಳಿ ನಕ್ಕಳು. ನಮ್ಮ ತಿಸ್ರೆಯಂಥದೇ ಅದು, ಕುಮಟೆ ಕಡೆಯವರ ಬಳಚು. ಕಾಳಿ ನದಿಯ ಅಳಿವೆಯಲ್ಲಿ ಇಳಿತಕ್ಕೆ ಕಾದು, ಸೊಂಟಮಟ್ಟ ನೀರಲ್ಲಿ ಕಾಲಿನಲ್ಲೇ ಮುಟ್ಟಿ ಹುಡುಕಿ ತೆಗೆಯುವ ಹೆಂಗಸರನ್ನು ನೋಡಿ ಬೆಳೆದ ನಾನು, ಜ್ಯಾವ್‌ಜೋ ಕೊಲ್ಲಿಯ ಚಿಪ್ಪನ್ನು ಹಿಡಿದು ತಿರುಗಿಸಿ ನೋಡಿದೆ. ಅಲ್ಲಿಯದರ ಮೇಲೆ ಅಂಕುಡೊಂಕು ಗೆರೆ ಹೆಚ್ಚು, ಒಳಗಿನ ಮಾಂಸ ತುಸು ಸಿಹಿ.

ಅಡುಗೆ ಮಾಡುವವನು ಯಜಮಾನ. ಅವನನ್ನು ಎಲ್ಲರೂ ಲಾವ್‌ಬಾನ್ ಅನ್ನುತ್ತಾರೆ, ಅವನ ಹೆಂಡತಿಯನ್ನು ಲಾವ್‌ಬಾನ್‌ನ್ಯಾಂಗ್. ನಮ್ಮ 'ಸಾಹುಕಾರ್ರು, ಸಾಹುಕಾರ್ತಿ' ಇದ್ದಹಾಗೆ. ನಾನು ಅವರಿಗೆ ಲಾವ್‌ಶೀ, ಅಂದರೆ ಮೇಷ್ಟ್ರು. ಲಾವ್‌ಬಾನ್ ಗಾಲಾ ಹುರಿಯುವುದನ್ನು ನಿಂತು ನೋಡಿದ್ದೇನೆ, ಗಡಿಯಾರ ಹಿಡಿದು. ಕಬ್ಬಿಣದ ದೊಡ್ಡ ಬಾಣಲೆ, ಕೆಳಗೆ ಸೊಂಯ್ ಎನ್ನುವ ಬೆಂಕಿ. ಎಣ್ಣೆ ಹೊಗೆಯಾಡಿದ ಮೇಲೆ ಶುಂಠಿ, ಬೆಳ್ಳುಳ್ಳಿ, ಮುರಿದ ಒಣಮೆಣಸು. ಮೆಣಸು ಕಪ್ಪಾಗುವ ಅರೆಕ್ಷಣ ಮೊದಲು ಚಿಪ್ಪು ಸುರಿಯುತ್ತಾನೆ, ಕಲ್ಲು ಸುರಿದ ಸದ್ದು. ನೀರಿಲ್ಲ, ಉಪ್ಪಿಲ್ಲ, ಚಿಪ್ಪು ಬಾಯಿ ಬಿಟ್ಟಾಗ ಒಳಗಿನ ಸಮುದ್ರದ ನೀರೇ ಸಾರು. ಒಂದು ಚಮಚ ಸೋಯಾ, ಈರುಳ್ಳಿ ಹೂವಿನ ತುಂಡು, ಮೂರು ಸಲ ಎತ್ತಿ ಹಾರಿಸಿ ತಟ್ಟೆಗೆ. ಎರಡು ನಿಮಿಷ ಹತ್ತು ಸೆಕೆಂಡು. ನಮ್ಮಲ್ಲಿ ಅಡ್ಳಿಯ ಮೇಲೆ ಒಂದೊಂದೇ ತಿಸ್ರೆ ಬಿಡಿಸಿ, ಅರ್ಧ ಚಿಪ್ಪು ಎಸೆದು, ತೆಂಗಿನಕಾಯಿ ಹುರಿದು ಅರೆದು, ಸುಕ್ಕೆ ಒಲೆ ಇಳಿಯುವ ಹೊತ್ತಿಗೆ ಒಂದು ಮಧ್ಯಾಹ್ನವೇ ಹೋಗಿರುತ್ತದೆ. ಯಾವುದು ರುಚಿ ಎಂದು ಕೇಳಬೇಡಿ. ಈ ಬರಹವನ್ನು ಆಯಿಗೆ ಓದಿ ಹೇಳುವವರಿದ್ದಾರೆ.

ಬಿಯರ್ ಬಗ್ಗೆ ಒಂದು ಮಾತು. ಬಾಗಿಲ ಬಳಿ ಉಕ್ಕಿನ ಪೀಪಾಯಿಗಳ ಸಾಲು. ಮನೆಗೆ ಒಯ್ಯುವವರಿಗೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ತಕ್ಕಡಿಯ ಮೇಲೆ ತೂಗಿ, ಗಂಟು ಹಾಕಿ ಕೊಡುತ್ತಾರೆ. ಹೌದು, ತೂಕದ ಲೆಕ್ಕದಲ್ಲಿ. ಸಂಜೆ ಹೊತ್ತು ಬಸ್‌ಸ್ಟಾಪಿನಲ್ಲಿ ಮುದುಕರ ಕೈಯಲ್ಲಿ ಹಳದಿ ಚೀಲ ತೂಗಾಡುತ್ತಿರುತ್ತದೆ, ಕಿರುಬೆರಳಿಗೆ ಸಿಕ್ಕಿಸಿಕೊಂಡು. ನಾನು ಮೊದಲ ವಾರ ಅದನ್ನು ಅಡುಗೆ ಎಣ್ಣೆ ಎಂದುಕೊಂಡಿದ್ದೆ.

ಇಷ್ಟಕ್ಕೇ ಇದನ್ನು ಬರೆಯುತ್ತಿರಲಿಲ್ಲ. ಈ ಅಂಗಡಿ ನನಗೆ ಊಟದ ಜಾಗವಾಗುವ ಮೊದಲು ಬೇರೆ ಏನೇನೋ ಆಗಿತ್ತು.

ನಾನು ಹೊರಟದ್ದು 2024ರ ಆಗಸ್ಟ್ ಕೊನೆಗೆ, ನಮ್ಮ ಕೋಡಿಬಾಗದ ಹಳೇ ಕಾಳಿ ಸೇತುವೆ ಕುಸಿದ ತಿಂಗಳು. ಮುಟ್ಟಿದ ಮರುದಿನವೇ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಹೋಟೆಲಿನಲ್ಲಿ ಇಳಿದರೆ ಅವರೇ ಮಾಡುತ್ತಾರೆ, ಮನೆಯಲ್ಲಿದ್ದರೆ ಇಪ್ಪತ್ನಾಲ್ಕು ಗಂಟೆಯೊಳಗೆ ನಾವೇ ಹೋಗಬೇಕು. ಕರೆದೊಯ್ಯಲು ಹುಡುಗನನ್ನು ಕಳಿಸುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಮಧ್ಯಾಹ್ನ ಮೂರಾದರೂ ಹುಡುಗ ಬರಲಿಲ್ಲ. ಪಾಸ್‌ಪೋರ್ಟು, ಬಾಡಿಗೆ ಕರಾರು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಫೋನಿನಲ್ಲಿ ಗೂಗಲ್ ಇಲ್ಲ, ನಕಾಶೆ ಇಲ್ಲ. ಲಾವ್‌ಬಾನ್‌ನ್ಯಾಂಗ್ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ನನ್ನ ಕೈಯ ಕಾಗದ ನೋಡಿದಳು, ಏನೋ ಕೂಗಿದಳು, ಗಂಡ ಏಪ್ರನ್ ಬಿಚ್ಚಿ ಹೊರಗೆ ಬಂದ. ಇಬ್ಬರೂ ನಡೆದುಕೊಂಡೇ ಠಾಣೆಗೆ ಹೋದೆವು. ಮನೆಯ ಯಜಮಾನನಿಗೆ ಅವನೇ ಫೋನು ಹಚ್ಚಿ ಪೊಲೀಸಿನವಳ ಕೈಗೆ ಕೊಟ್ಟ. ಅರ್ಧ ಗಂಟೆಯಲ್ಲಿ ಚೀಟಿ ಕೈಗೆ ಬಂತು. ವಾಸದ ಪರವಾನಗಿಗೆ ಆ ಚೀಟಿ ಬೇಕೇ ಬೇಕು, ಬಚ್ಚಿಡಿ.

ವಾಪಸು ಬಂದು ಊಟ ಮಾಡಿದೆ. ಆಗಲೂ ಅಲ್ಲಿ ಮೀನು ನಿಷೇಧದ ಕಾಲವೇ! ನಮ್ಮದು 61 ದಿನ. ಅವರ ಕಡಲಿನ ಆ ಭಾಗದಲ್ಲಿ ಮೇ 1ರಿಂದ ಸೆಪ್ಟೆಂಬರ್ 1ರವರೆಗೆ, ಪೂರಾ ನಾಲ್ಕು ತಿಂಗಳು. ಸಿಕ್ಕಿದ್ದು ಸಾಕಿದ ಗಾಲಾ ಮಾತ್ರ. ದುಡ್ಡು ಕೊಡಲು ಹೋದರೆ ಹೊಸ ಪೇಚು. ಎಲ್ಲರೂ ಫೋನಿನಲ್ಲಿ ಚೌಕದ ಚಿತ್ರ ಹೊಡೆದು ಕೊಡುತ್ತಾರೆ. ನನ್ನ ಕಾರ್ಡನ್ನು ಅಲಿಪೇಗೆ ಜೋಡಿಸಲು ಒಟಿಪಿ ಬೇಕು, ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ. ನೂರರ ನೋಟು ಕೊಟ್ಟೆ, ಅವರ ಬಳಿ ಚಿಲ್ಲರೆಯೇ ಇರಲಿಲ್ಲ. ಪಕ್ಕದ ನಾಲ್ಕು ಅಂಗಡಿಯಲ್ಲೂ ಇಲ್ಲ. ಲಾವ್‌ಬಾನ್ ಡ್ರಾಯರಿನಿಂದ ನೀಲಿ ರಟ್ಟಿನ ಪುಸ್ತಕ ತೆಗೆದು ಏನೋ ಬರೆದುಕೊಂಡು ಕೈಬೀಸಿದ. ಉದ್ರಿ! ಊರು ಬಿಟ್ಟ ಮೂರನೇ ದಿನ, ಭಾಷೆ ಬರದ ದೇಶದಲ್ಲಿ, ನನಗೆ ಉದ್ರಿ ಖಾತೆ ತೆರೆಯಿತು. ಹೋಗುವವರಿಗೆ ಹೇಳುತ್ತೇನೆ: ಇಲ್ಲಿಯ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡೇ ವಿಮಾನ ಹತ್ತಿ. ಅದರಿಂದ ಇನ್ನೊಂದು ಉಪಕಾರವೂ ಇದೆ. ವಾಟ್ಸಾಪ್ ಅಲ್ಲಿ ನಡೆಯುವುದಿಲ್ಲ, ಅವರ ವಿಚಾಟ್ ನಮ್ಮಲ್ಲಿ 2020ರಿಂದ ಬಂದ್. ಊರಿನ ಸಿಮ್ಮಿನ ಡೇಟಾದಲ್ಲಿ ಮಾತ್ರ ಆಯಿಯ ಮುಖ ಕಾಣುತ್ತಿತ್ತು, ಭಾನುವಾರ ಹತ್ತು ನಿಮಿಷ. ಅಲ್ಲಿ ರಾತ್ರಿ ಒಂಬತ್ತೂವರೆ, ಇಲ್ಲಿ ಏಳು.

ಸೆಪ್ಟೆಂಬರ್ 5ಕ್ಕೆ ಶಾಲೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಮನಸ್ಸು ಸಣ್ಣದಾಯಿತು. ಅಲ್ಲಿಯ ಶಿಕ್ಷಕರ ದಿನ ಸೆಪ್ಟೆಂಬರ್ 10. ಆ ಸಂಜೆ ಅಂಗಡಿಯಲ್ಲಿ ನನ್ನಿಂದ ಅಡುಗೆಯ ದುಡ್ಡು ತೆಗೆದುಕೊಳ್ಳಲಿಲ್ಲ.

ಹೆಸರಿನ ಕಥೆ. ಎಲ್ಲಿಯವನು ಎಂದು ಲಾವ್‌ಬಾನ್ ಕೇಳಿದ್ದ. ಕಾರವಾರ ಅಂದರೆ ಯಾರಿಗೆ ಗೊತ್ತು? ಅನುವಾದದ ಆ್ಯಪು ಅದನ್ನು 'ಕಾರು' ಏನೋ ಮಾಡಿತು. ಕೊನೆಗೆ, ಟಾಗೋರರು ಹರೆಯದಲ್ಲಿ ಬಂದು ಉಳಿದ ಊರು, ಅವರ ಅಣ್ಣ ನಮ್ಮಲ್ಲಿ ಜಡ್ಜ್ ಆಗಿದ್ದರು, ನಮ್ಮ ಬೀಚಿಗೆ ಅವರದೇ ಹೆಸರು ಎಂದು ಬರೆದು ತೋರಿಸಿದೆ. "ಥಾಯ್‌ಗರ್!" ಎಂದು ಒಳಗಿಂದ ಅವನ ಕಿರಿಮಗಳು ಕೂಗಿದಳು. ಮೂರನೇ ಕ್ಲಾಸಿನ ಅವಳ ಚೀನೀ ಪಠ್ಯಪುಸ್ತಕದಲ್ಲಿ ಟಾಗೋರರ ಒಂದು ಪದ್ಯವಿದೆ, ಹೂಗಳು ನೆಲದಡಿಯ ಶಾಲೆಗೆ ಹೋಗುವ ಪದ್ಯ. ನಿಂತು ಒಪ್ಪಿಸಿಯೇಬಿಟ್ಟಳು, ಅಂಗಡಿ ತುಂಬ ಜನ ಗ್ಲಾಸು ಕೆಳಗಿಟ್ಟು ಕೇಳಿದರು. ಟಾಗೋರರು 1924ರಲ್ಲಿ ಚೀನಾಕ್ಕೆ ಹೋಗಿದ್ದರು. ಆಗ ಬಿತ್ತಿದ ಪರಿಚಯ ನೂರು ವರ್ಷ ಆದಮೇಲೆ ಕಾರವಾರದ ಒಬ್ಬ ಮೇಷ್ಟ್ರಿಗೆ ಕುರ್ಚಿ ಕೊಡಿಸಿತು. ನಾನು ಎಸ್ಸೆಸ್ಸೆಲ್ಸಿಯ ತನಕ ಆ ಬೀಚಿನಲ್ಲಿ ಬರೀ ಕ್ರಿಕೆಟ್ ಆಡಿದ್ದೇನೆ.

ಈಗ ತೆಪ್ಪಲ. ನಮ್ಮ ಬಂಗಡೆ ಸಾರಿಗೆ ಹಾಕುವ, ಶಿರಸಿ ಕಡೆಯವರು ಜುಮ್ಮನಕಾಯಿ ಅನ್ನುವ ಆ ಗುಂಡುಕಾಯಿ. ಆಯಿ ಒಣಗಿಸಿ ಒಂದು ಡಬ್ಬಿ ಕಟ್ಟಿಕೊಟ್ಟಿದ್ದಳು. ಅಕ್ಟೋಬರಿನ ಒಂದು ಸಂಜೆ ಅದನ್ನು ಅಡುಗೆಮನೆಗೆ ಒಯ್ದೆ. ಲಾವ್‌ಬಾನ್ ಮೂಸಿದ, ಒಂದು ಬಾಯಿಗೆ ಹಾಕಿದ, ಕಣ್ಣು ಅರಳಿಸಿ ಮೇಲಿನ ಅಟ್ಟದಿಂದ ತನ್ನ ಡಬ್ಬಿ ತೆಗೆದ. ಹ್ವಾಜ್ಯಾವ್. ಕೆಂಪು ಸಿಪ್ಪೆ, ಗಾತ್ರದಲ್ಲಿ ನಮ್ಮದಕ್ಕಿಂತ ಸಣ್ಣದು, ಆದರೆ ಒಡೆದ ಬಾಯಿ ಅದೇ, ನಾಲಿಗೆಯ ಮೇಲೆ ಇರುವೆ ಓಡಿದಂಥ ಜುಮ್ಮು ಅದೇ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಎರಡೂ ಜ್ಯಾಂಥೋಜೈಲಮ್ ಕುಲದವು. ಭೌತಶಾಸ್ತ್ರದ ಮೇಷ್ಟ್ರಿಗೆ ಇದರಲ್ಲಿ ಇನ್ನೂ ಒಂದು ಮಜವಿದೆ. 2013ರಲ್ಲಿ ಲಂಡನ್ನಿನ ಸಂಶೋಧಕರು ತುಟಿಗೆ ಈ ಹ್ವಾಜ್ಯಾವ್ ಹಚ್ಚಿ, ಬೆರಳಿಗೆ ಕಂಪನ ಕೊಟ್ಟು, ಎರಡೂ ಒಂದೇ ಅನ್ನಿಸುವುದು ಯಾವಾಗ ಎಂದು ಅಳೆದರು. ಬಂದದ್ದು ಸುಮಾರು 50 ಹರ್ಟ್ಜ್. ನಮ್ಮ ಕರೆಂಟಿನದೂ ಅದೇ ಆವರ್ತನ, ಚೀನಾದ್ದೂ ಅದೇ. ಮರುದಿನ ಕ್ಲಾಸಿಗೆ ಎರಡೂ ಕಾಯಿ ಒಯ್ದು ಹುಡುಗರ ನಾಲಿಗೆಗೆ ಒಂದೊಂದು ಚೂರು ಇಟ್ಟೆ. ಆವರ್ತನದ ಪಾಠ ಅಷ್ಟು ಬೇಗ ಯಾವತ್ತೂ ತಲೆಗೆ ಹೋಗಿರಲಿಲ್ಲ. ಅಡುಗೆ ಪದಾರ್ಥ ಕ್ಲಾಸಿಗೆ ತರಬಾರದೆಂದು ಮೇಲಿನವರಿಂದ ಒಂದು ಸಂದೇಶವೂ ಬಂತು.

ಆಮೇಲೆ ಅವನು ನನಗಾಗಿ ಗಾಲಾಕ್ಕೆ ತೆಪ್ಪಲ ಹಾಕತೊಡಗಿದ. ಕುಟ್ಟಿ ಹಾಕಿದ, ಎಣ್ಣೆಯಲ್ಲಿ ಕರಿದ. ಕಹಿಯಾಯಿತು. ಕೊನೆಗೆ ಜಜ್ಜಿ, ನೀರಲ್ಲಿ ನೆನೆಸಿ, ಇಳಿಸುವಾಗ ಸುರಿ ಎಂದು ನಾನೇ ತೋರಿಸಿಕೊಟ್ಟೆ. ಮೀನುಗಾರ್ತಿಯ ಮಗ ಅಷ್ಟಾದರೂ ಬೇಡವೇ?

ಬಾಯೂ ಎಂಬ ಮೀನಿನ ಬಗ್ಗೆಯೂ ಹೇಳಬೇಕು. ಅದು ನಮ್ಮ ಇಸ್ವಾಣದ, ಮಂಗಳೂರಿನವರ ಅಂಜಲಿನ ದಾಯಾದಿ, ಅದೇ ಕುಲ. ವಸಂತದಲ್ಲಿ ಬಾಯೂ ಬಂತೆಂದರೆ ಚಿಂಗ್ಡಾವ್‌ನ ಅಳಿಯಂದಿರು ದೊಡ್ಡದೊಂದನ್ನು ಮಾವನ ಮನೆಗೆ ಒಯ್ಯಬೇಕು. ಲಾವ್‌ಬಾನ್‌ನ ಅಳಿಯ ಏಪ್ರಿಲ್‌ನಲ್ಲಿ ಕೈಯುದ್ದದ್ದನ್ನು ಹೊತ್ತು ತಂದಿದ್ದ, ಕೆಂಪು ರಿಬ್ಬನ್ ಕಟ್ಟಿ. ಅವರು ಅದರ ಮಾಂಸ ಕೆರೆದು ಕಡುಬಿನ ಹೂರಣ ಮಾಡುತ್ತಾರೆ. ಇಸ್ವಾಣವನ್ನು ಕೆರೆಯುವುದೇ! ನನಗೆ ಈಗಲೂ ಒಗ್ಗಿಲ್ಲ. ಒಂದು ತುಂಡಿಗೆ ಖಾರ ಹಚ್ಚಿ ರವೆ ಒತ್ತಿ ಕಾವಲಿಯಲ್ಲಿ ಹುರಿಸಲು ನೋಡಿದೆ. ರವೆ ಸಿಗಲಿಲ್ಲ, ಜೋಳದ ಹಿಟ್ಟು ಹಚ್ಚಿದ. ಸುಮಾರಾಗಿತ್ತು.

ಆದರೆ ಆ ಕಡುಬೇ ನನ್ನನ್ನು ಬದುಕಿಸಿದೆ. ಆ ಸಲ ಜನವರಿ ಕೊನೆಯಲ್ಲಿ ಚೀನೀ ಹೊಸವರ್ಷ, ಅಂಗಡಿ ಹದಿನೈದು ದಿನ ಬಂದ್. ಸಂತೆಯೂ ಬಂದ್. ಓಣಿಯಲ್ಲಿ ಗಾಳಿ ಬಿಟ್ಟರೆ ಯಾರಿಲ್ಲ. ನವೆಂಬರ್ ನಡುವಿನಿಂದ ಇಡೀ ಊರಿನ ಮನೆಗಳಿಗೆ ಕೊಳವೆಯಲ್ಲಿ ಬಿಸಿ ಹರಿಸುತ್ತಾರೆ, ಹಾಗಾಗಿ ಚಳಿಯ ತೊಂದರೆಯಿಲ್ಲ, ಹಸಿವಿನದು. ಬೀಗ ಹಾಕುವ ಮೊದಲು ಲಾವ್‌ಬಾನ್‌ನ್ಯಾಂಗ್ ಐದು ಮಹಡಿ ಹತ್ತಿ ಬಂದು ಹೆಪ್ಪುಗಟ್ಟಿಸಿದ ಕಡುಬಿನ ಎರಡು ಚೀಲ ಕೊಟ್ಟಳು. ಮಾಡುವುದನ್ನು ಕೈಸನ್ನೆಯಲ್ಲಿ ತೋರಿಸಿದಳು: ನೀರು ಕುದಿಬಂದಾಗ ಹಾಕು, ಉಕ್ಕಿದರೆ ಒಂದು ಬಟ್ಟಲು ತಣ್ಣೀರು, ಮತ್ತೆ ಉಕ್ಕಿದರೆ ಮತ್ತೊಂದು, ಮೂರು ಸಲ. ಮೂರು ಬೆರಳು ಎತ್ತಿ ನನ್ನ ಕೈಯಲ್ಲೂ ಎತ್ತಿಸಿದಳು. ಹನ್ನೊಂದು ದಿನ ಅದೇ ತಿಂದೆ.

ದೂರು ಇಲ್ಲದೆ ಇಲ್ಲ. ಒಳಗೆ ಸಿಗರೇಟು ಹೊಗೆ ಕಣ್ಣುರಿಸುತ್ತದೆ. ಗೋಡೆಯ ಮೇಲೆ ಸೇದಬಾರದೆಂಬ ಬೋರ್ಡಿದೆ, ಅದರ ಕೆಳಗೇ ಕೂತು ಸೇದುತ್ತಾರೆ. ಬೇಸಿಗೆಯಲ್ಲಿ ಫುಟ್‌ಪಾತಿಗೆ ಹಾಕುವ ಸ್ಟೂಲುಗಳು ನಮ್ಮ ಮಣೆಗಿಂತ ಸ್ವಲ್ಪವೇ ಎತ್ತರ, ನನ್ನ ಮಂಡಿಗೆ ಆಗುವುದಿಲ್ಲ. ಕಕ್ಕಸಿನ ವಿಷಯ ಎತ್ತದಿರುವುದು ಲೇಸು. ಎರಡು ಸಲ ಗಾಲಾದಲ್ಲಿ ಮರಳು ಸಿಕ್ಕಿತು. ತಪ್ಪು ಅಂಗಡಿಯದಲ್ಲ ಎನ್ನುತ್ತಾನೆ ಅವನು, ನಾನೇ ಉಪ್ಪುನೀರಲ್ಲಿ ಎರಡು ತಾಸು ಬಿಟ್ಟು ತರಬೇಕಿತ್ತಂತೆ. ಭಾನುವಾರ ರಾತ್ರಿ ಗಿರಾಕಿ ಹೆಚ್ಚಾದರೆ ಯಾರ ಚೀಲ ಯಾರದೆಂದು ಗೊಂದಲ. ಒಮ್ಮೆ ನನ್ನ ದಪ್ಪ ಸಿಗಡಿ ಪಕ್ಕದ ಮೇಜಿಗೆ ಹೋಯಿತು, ಅವರ ಸಮುದ್ರಸೌತೆ ಎಂಬ ಕಡಲಜೀವಿ ನನ್ನ ಮುಂದೆ ಬಂತು. ಚೀಲಕ್ಕೊಂದು ಚೀಟಿ ಕಟ್ಟಿದರೆ ಮುಗಿಯುವ ಕೆಲಸ. ಎಷ್ಟು ಹೇಳಿದರೂ ಮಾಡುವುದಿಲ್ಲ. ಈ ಕಾರಣಕ್ಕೇ ಐದರಲ್ಲಿ ನಾಲ್ಕು ಚುಕ್ಕಿ.

ಶಿರಸಿಯವಳಿಗೆ: ನಿನಗೆ ಈ ಅಂಗಡಿ ಬೇಡ ತಂಗಿ. ಬದನೆ, ಬಟಾಟೆ, ದೊಣ್ಣೆಮೆಣಸು ಸೇರಿಸಿ ಹುರಿದ ಒಂದು ಪಲ್ಯವಿದೆ, ದೀಸಾನ್‌ಶ್ಯೆನ್ ಅಂತ, ಚೆನ್ನಾಗಿಯೇ ಇರುತ್ತದೆ. ಜಜ್ಜಿದ ಸೌತೆಕಾಯಿಯೂ ಇದೆ. ಆದರೆ ಬಾಣಲೆ ಒಂದೇ. 'ವೊ ಚೀ ಸೂ', ನಾನು ಸೊಪ್ಪುತರಕಾರಿ ಮಾತ್ರ ತಿನ್ನುವವಳು ಎಂದು ಬಾಯಿಪಾಠ ಮಾಡಿಕೊ, ಬುದ್ಧ ದೇವಸ್ಥಾನದ ಬಳಿಯ ಸಸ್ಯಾಹಾರಿ ಊಟದ ಮನೆ ಹುಡುಕು. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ, ನಿಮ್ಮ ಶ್ರಾದ್ಧದ ಅಡುಗೆಯವರೂ ಒಪ್ಪಬಹುದು. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಭರಣಿ ಒಯ್ಯಿ, ಒಂದು ಸಾಲುವುದಿಲ್ಲ.

ಹ್ವಾಜ್ಯಾವ್ ಕಾಲು ಕಿಲೋ ತಂದು ಆಯಿಗೆ ಕೊಟ್ಟಿದ್ದೇನೆ. ನಿನ್ನೆ ಒಣ ಸುಂಗಟೆ ಸಾರಿಗೆ ನಾಲ್ಕು ಹಾಕಿ ನೋಡಿದಳು. "ಜುಮ್ ಅನ್ನೋದು ನಮ್ಮದಕ್ಕಿಂತ ಜೋರುಂಟು. ವಾಸನೆ ಏನಿಲ್ಲ ಬಿಡು," ಅಂದಳು. ಡಬ್ಬಿಯನ್ನು ಮಾತ್ರ ತನ್ನ ತೆಪ್ಪಲದ ಡಬ್ಬಿಯ ಪಕ್ಕಕ್ಕೇ ಇಟ್ಟಿದ್ದಾಳೆ. ಅವನಿಗೆ ಒಯ್ಯಲು ಹೊಸ ತೆಪ್ಪಲ ಕೇಳಿದ್ದೇನೆ, ಒಣಗಲು ಬಿಸಿಲು ಬೇಕು ಅನ್ನುತ್ತಾಳೆ.

ಅಂಗಡಿ ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತದೆ, ಮುಚ್ಚುವುದು ಕೊನೆಯ ಗಿರಾಕಿ ಎದ್ದಾಗ. ಹೊಸಬರನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ ಹೋಗಿ ಎನ್ನುತ್ತೇನೆ, ನಿಷೇಧ ಮುಗಿದು ಬೋಟು ಬಂದಿರುತ್ತವೆ. ನಾನು ಆಗಸ್ಟ್ ಕೊನೆಗೇ ವಾಪಸು. ಹೊರಡುವ ಹಿಂದಿನ ರಾತ್ರಿ ಉದ್ರಿ ತೀರಿಸಲು ಹೋದರೆ ಲಾವ್‌ಬಾನ್ ನೀಲಿ ಪುಸ್ತಕ ತೆರೆದು ನನ್ನ ಪುಟ ತೋರಿಸಿದ. ಮೇಲೆ ನನ್ನ ಹೆಸರಿರಲಿಲ್ಲ. ಈಗ ಅಷ್ಟು ಅಕ್ಷರ ಓದಲು ಬರುತ್ತದೆ: ಥಾಯ್‌ಗರ್ ಎಂದು ಬರೆದಿದ್ದ. ಫೋನು ತೆಗೆದರೆ ಕೈ ತಳ್ಳಿದ, ಬಂದಮೇಲೆ ಕೊಡು ಅಂತ. ಟಾಗೋರರ ಹೆಸರಿನಲ್ಲಿ 38 ಯುವಾನ್ ಬಾಕಿಯಿದೆ.